ರಿಟರ್ ಶಿಖರದಲ್ಲಿ ಒಬ್ಬಂಟಿ

ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ಪೂರ್ವದ ಅಂಚಿನಲ್ಲಿ, ಉತ್ತರದಿಂದ ದಕ್ಷಿಣಕ್ಕೆ ಸುಮಾರು 640 ಕಿಲೋಮೀಟರ್ ಉದ್ದಕ್ಕೆ ಹಬ್ಬಿರುವ ಪರ್ವತಶ್ರೇಣಿಗೆ ಸಿಯೆರಾ ನೆವಾಡ ಎಂದು ಹೆಸರು. ಸ್ಪ್ಯಾನಿಷ್ ಭಾಷೆಯ ಈ ಮಾತಿಗೆ ಹಿಮ ಹೊದ್ದ ಗಿರಿಸಾಲು ಎಂದರ್ಥ. ನಮ್ಮ ಪಶ್ಚಿಮ ಘಟ್ಟ ಕರಾವಳಿಯ ಕಡೆಗೆ ಗೋಡೆಯಂತೆ ಕಡಿದಾಗಿದ್ದು ಪೂರ್ವದ ಬಯಲುಸೀಮೆಯ ಕಡೆಗೆ ಮೆಲ್ಲನೆ ಇಳಿಯುತ್ತದೆಯಲ್ಲವೆ? ಸಿಯೆರಾದಲ್ಲಿ ಈ ಲೆಕ್ಕ ತಿರುವುಮುರುವು. ಪಶ್ಚಿಮದ ಮಗ್ಗುಲು ದಟ್ಟ ಕಾಡು ಹೊತ್ತು ನಿಧಾನವಾಗಿ ಇಳಿದರೆ, ಪೂರ್ವದ ಮಗ್ಗುಲು ಮರುಭೂಮಿಯತ್ತ ಥಟ್ಟನೆ ಕುಸಿಯುತ್ತದೆ.

ಈ ಶ್ರೇಣಿಯ ನಡುಭಾಗದಲ್ಲಿ ತಲೆ ಎತ್ತಿ ನಿಂತಿರುವುದು ರಿಟರ್ ಶಿಖರ. ಜರ್ಮನಿಯ ಭೂಗೋಳ ಪಂಡಿತ ಕಾರ್ಲ್ ರಿಟರ್‌ನ ಹೆಸರನ್ನು ಇದಕ್ಕೆ ಇಡಲಾಗಿದೆ. ಎತ್ತರ 13,149 ಅಡಿ, ಎಂದರೆ ಸುಮಾರು 4,000 ಮೀಟರು. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯ ಮೇಲೆ ಇನ್ನೊಂದು ಮುಳ್ಳಯ್ಯನಗಿರಿಯನ್ನು ಇಟ್ಟರೂ ಇದರ ತುದಿ ಮುಟ್ಟುವುದಿಲ್ಲ. 1872ರ ಅಕ್ಟೋಬರ್ ತಿಂಗಳ ನಡುವಿನಲ್ಲಿ, ಅಲ್ಲಿಯವರೆಗೆ ಯಾರೂ ಹತ್ತಿದ ದಾಖಲೆಯಿಲ್ಲದ ಈ ಶಿಖರವನ್ನು ಒಬ್ಬಾತ ಒಂಟಿಯಾಗಿ ಹತ್ತಿ ಇಳಿದ. ಜೊತೆಗಾರರಿಲ್ಲ, ಹಗ್ಗವಿಲ್ಲ, ಕಂಬಳಿಯೂ ಇಲ್ಲ. ಆತನ ಹೆಸರು ಜಾನ್ ಮ್ಯೂರ್.

ಅಕ್ಟೋಬರ್ ಎಂಬುದು ಆ ಬೆಟ್ಟಗಳಲ್ಲಿ ಎಂಥ ಕಾಲ ಎಂಬುದನ್ನು ಮೊದಲು ತಿಳಿಯಬೇಕು. ನಮ್ಮಲ್ಲಿ ಶರದೃತು ಬರುವುದು ಮಳೆಗಾಲದ ಬೆನ್ನಿಗೆ. ಗುಡ್ಡಗಳೆಲ್ಲ ಹಸಿರಾಗಿ, ಝರಿಗಳೆಲ್ಲ ತುಂಬಿರುತ್ತವೆ. ಸಿಯೆರಾದಲ್ಲಿ ಬೇಸಿಗೆಯೇ ಒಣಗಾಲ. ವರ್ಷದ ಮಳೆಯ ಬಹುಪಾಲು ಚಳಿಗಾಲದಲ್ಲಿ ಹಿಮವಾಗಿ ಬೀಳುತ್ತದೆ. ಹಾಗಾಗಿ ಶರತ್ಕಾಲದಲ್ಲಿ ಝರಿಗಳು ಬಡಕಲಾಗಿ, ಹುಲ್ಲುಗಾವಲು ಕಂದಾಗಿ, ಆಸ್ಪೆನ್ ಮರಗಳ ಎಲೆ ಅರಿಸಿನದ ಬಣ್ಣಕ್ಕೆ ತಿರುಗಿರುತ್ತದೆ. ಆಕಾಶ ತಿಳಿಯಾಗಿದ್ದು ಬಹು ದೂರದವರೆಗೆ ಕಾಣುತ್ತದೆ. ಆದರೆ ಈ ಚೆಲುವಿಗೆ ನಾಳೆಯ ಭರವಸೆಯಿಲ್ಲ. ಯಾವ ದಿನವಾದರೂ ಮೊದಲ ಹಿಮಪಾತವಾಗಿ ಕಣಿವೆಯ ದಾರಿಗಳೆಲ್ಲ ಮುಚ್ಚಿಹೋಗಬಹುದು.

ಕಣ್ಣು ಕಳೆದು ಪಡೆದವನು

ಮ್ಯೂರ್ ಹುಟ್ಟಿದ್ದು 1838ರಲ್ಲಿ, ಸ್ಕಾಟ್ಲೆಂಡಿನ ಡನ್‌ಬಾರ್ ಎಂಬ ಕಡಲತೀರದ ಊರಿನಲ್ಲಿ. ಹುಡುಗನಾಗಿದ್ದಾಗಲೇ ಕುಟುಂಬ ಅಮೆರಿಕಕ್ಕೆ ವಲಸೆ ಹೋಯಿತು. ವಿಸ್ಕಾನ್ಸಿನ್‌ನಲ್ಲಿ ಹೊಲದ ಗೇಯ್ಮೆ, ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಸ್ವಲ್ಪ ಕಾಲ ಓದು, ಆಮೇಲೆ ಯಂತ್ರಗಳ ಕೆಲಸ. 1867ರಲ್ಲಿ ಇಂಡಿಯಾನಾಪೊಲಿಸ್ ನಗರದ ಗಾಡಿ ತಯಾರಿಸುವ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಿದ್ದಾಗ, ಕೈಯಲ್ಲಿದ್ದ ಅರದ ಮೊನೆ ಜಾರಿ ಬಲಗಣ್ಣಿಗೆ ಚುಚ್ಚಿತು. ಕೆಲವೇ ಸಮಯದಲ್ಲಿ ಎಡಗಣ್ಣೂ ಮಂಕಾಯಿತು. ವಾರಗಟ್ಟಲೆ ಕತ್ತಲೆ ಕೋಣೆಯಲ್ಲಿ ಮಲಗಿದ್ದ ಮೇಲೆ ದೃಷ್ಟಿ ಮರಳಿತು. ಮರಳಿ ಬಂದ ಕಣ್ಣುಗಳನ್ನು ಇನ್ನು ಕಾರ್ಖಾನೆಗೆ ಕೊಡುವುದಿಲ್ಲ, ಕಾಡುಬೆಟ್ಟಗಳನ್ನು ನೋಡುವುದಕ್ಕೇ ಕೊಡುತ್ತೇನೆ ಎಂದು ಆತ ನಿಶ್ಚಯಿಸಿದ. ಮರುವರ್ಷ ಕ್ಯಾಲಿಫೋರ್ನಿಯ ಸೇರಿದ. ಕುರಿ ಕಾಯ್ದ, ಮರ ಕೊಯ್ಯುವ ಗಿರಣಿಯಲ್ಲಿ ದುಡಿದ, ಬಿಡುವು ಸಿಕ್ಕಿದಾಗಲೆಲ್ಲ ಯೊಸೆಮಿಟಿ ಕಣಿವೆಯ ಮೇಲಿನ ಬೆಟ್ಟಗಳನ್ನು ಸುತ್ತಿದ.

ಆ ಕಣಿವೆ ಹೇಗೆ ಹುಟ್ಟಿತು ಎಂಬುದು ಆಗ ದೊಡ್ಡ ಚರ್ಚೆಯಾಗಿತ್ತು. ಕ್ಯಾಲಿಫೋರ್ನಿಯದ ಭೂವಿಜ್ಞಾನ ಸಮೀಕ್ಷೆಯ ಮುಖ್ಯಸ್ಥ ಜೊಸೈಯ ವಿಟ್ನಿ, ನೆಲದ ಒಂದು ತುಂಡು ಕೆಳಗೆ ಕುಸಿದು ಕಣಿವೆಯಾಯಿತು ಎಂದಿದ್ದ. ಬಂಡೆಗಳ ಮೇಲಿನ ನುಣುಪು, ಉದ್ದುದ್ದನೆಯ ಗೀರುಗಳು, ಎಲ್ಲಿಂದಲೋ ಬಂದು ಕುಳಿತ ಕಲ್ಲುರಾಶಿಗಳನ್ನು ನೋಡಿದ ಮ್ಯೂರ್, ಇದು ಹಿಮನದಿಯ ಕೆತ್ತನೆ ಎಂದ. ವಿಟ್ನಿ ಇದನ್ನು ಕುರಿ ಕಾಯುವವನ ಮಾತೆಂದು ತಳ್ಳಿಹಾಕಿದ. ಮುಂದಿನ ಸಂಶೋಧನೆಗಳಿಂದ ತಿಳಿದದ್ದು ಇಷ್ಟು: ಮೊದಲು ಕಣಿವೆ ಕೊರೆದದ್ದು ನದಿ, ಅದನ್ನು ಆಳವಾಗಿಸಿ ಅಗಲಿಸಿದ್ದು ಹಿಮನದಿ. ಮ್ಯೂರ್ ಹಿಮಕ್ಕೆ ಸ್ವಲ್ಪ ಹೆಚ್ಚೇ ಶ್ರೇಯ ಕೊಟ್ಟಿದ್ದ. ಆದರೂ ಮುಖ್ಯ ವಿಷಯದಲ್ಲಿ ಆತನ ಕಣ್ಣು ಸುಳ್ಳಾಗಲಿಲ್ಲ.

ಕಲ್ಲು ಮತ್ತು ಕುದುರೆಯ ಕೂದಲು

ಸಿಯೆರಾದಲ್ಲಿ ಜೀವಂತ ಹಿಮನದಿಗಳು ಇನ್ನೂ ಉಳಿದಿವೆ ಎಂದು ಮ್ಯೂರ್ 1871ರಲ್ಲಿ ಕಂಡುಕೊಂಡ. ಅದು ಬರಿಯ ಹಳೆಯ ಹಿಮದ ಗುಡ್ಡೆ ಎಂದವರಿಗೆ ಉತ್ತರ ಕೊಡಬೇಕಿತ್ತು. ಹಿಮದ ಗುಡ್ಡೆ ಇದ್ದಲ್ಲೇ ಇರುತ್ತದೆ. ಹಿಮನದಿ ತನ್ನ ಭಾರದಿಂದಲೇ ಕೆಳಗೆ ಸರಿಯುತ್ತದೆ. ಸರಿಯುತ್ತದೆಯೋ ಇಲ್ಲವೋ ಎಂದು ತೋರಿಸಲು ಬೇಕಾದದ್ದು ಅಳತೆ.

1872ರ ಆಗಸ್ಟ್ 21ರಂದು ಆತ ಮಕ್ಲೂರ್ ಶಿಖರದ ಹಿಮನದಿಗೆ ಐದು ಗೂಟಗಳನ್ನು ನೆಟ್ಟ. ಅವುಗಳಲ್ಲಿ ನಾಲ್ಕು, ದಡದಿಂದ ನಡುಭಾಗದವರೆಗೆ ಒಂದೇ ನೇರದಲ್ಲಿದ್ದವು. ನೇರ ನೋಡಲು ಆತನ ಬಳಿ ಇದ್ದ ತೂಗುಗುಂಡು ಒಂದು ಕಲ್ಲು, ಅದನ್ನು ಕಟ್ಟಿದ ದಾರ ಕುದುರೆಯ ಕರಿಯ ಕೂದಲು! ನಲವತ್ತಾರು ದಿನಗಳ ನಂತರ, ಅಕ್ಟೋಬರ್ 6ರಂದು ಬಂದು ನೋಡಿದರೆ ಗೂಟಗಳ ಸಾಲು ಬಾಗಿತ್ತು. ದಡದ ಬಳಿಯದು 11 ಅಂಗುಲ ಸರಿದಿತ್ತು. ಮುಂದಿನವು 18 ಮತ್ತು 34. ನಡುವಿನದು 47 ಅಂಗುಲ. ದಿನಕ್ಕೆ ಒಂದು ಅಂಗುಲದಷ್ಟು ಓಟ. ತುಂಬಿದ ಹೊಳೆಯಲ್ಲಿ ದಡದ ಬಳಿ ನೀರು ನಿಧಾನ, ನಡುವೆ ರಭಸ ಎಂಬುದನ್ನು ಯಾರಾದರೂ ನೋಡಿರುತ್ತಾರೆ. ದಡದ ಬಂಡೆಯ ಉಜ್ಜುವಿಕೆ ನೀರನ್ನು ತಡೆಯುವ ಹಾಗೆ ಮಂಜುಗಡ್ಡೆಯನ್ನೂ ತಡೆಯುತ್ತದೆ. ಹಿಮನದಿ ನಿಜಕ್ಕೂ ನದಿಯೇ ಎಂದು ನಾಲ್ಕು ಗೂಟಗಳು ಹೇಳಿದವು.

ಈ ಅಳತೆ ಮುಗಿದ ಕೆಲವೇ ದಿನಗಳಲ್ಲಿ ಚಿತ್ರಕಾರರ ಚಿಕ್ಕ ತಂಡವೊಂದು, ಚಿತ್ರಕ್ಕೆ ಒದಗುವ ದೊಡ್ಡ ನೋಟವನ್ನು ಹುಡುಕಿಕೊಂಡು ಮ್ಯೂರ್‌ನ ಬಳಿ ಬಂತು. ಮುಂದೆ ಆತನ ಜೀವದ ಗೆಳೆಯನಾದ ವಿಲಿಯಂ ಕೀತ್ ಅವರಲ್ಲೊಬ್ಬ. ಮ್ಯೂರ್ ಅವರನ್ನು ಟುವಾಲಮಿ ನದಿಯ ಮೇಲ್ಕಣಿವೆಗೆ, ಲಾಯೆಲ್ ಶಿಖರ ಎದುರಿಗೆ ಕಾಣುವ ಹುಲ್ಲುಗಾವಲಿಗೆ ಕರೆದೊಯ್ದ. ಅವರು ಬಣ್ಣ ತೆಗೆದು ಕುಳಿತರು; ಆತನ ಕಾಲು ರಿಟರ್ ಶಿಖರದ ಕಡೆಗೆ ತುಡಿಯಿತು. ಹೊರಡುವ ಮುನ್ನ ಒಂದು ಎಚ್ಚರಿಕೆ ಹೇಳಿದ: ಹಿಮದ ಬಿರುಗಾಳಿ ಬಂದರೆ ಬೆಂಕಿ ದೊಡ್ಡದಾಗಿ ಉರಿಸಿ ಇಲ್ಲಿಯೇ ಇರಿ, ಗಾಬರಿಯಾಗಿ ನೀವಾಗಿಯೇ ಯೊಸೆಮಿಟಿಗೆ ದಾರಿ ಹುಡುಕುತ್ತ ಹೊರಡಬೇಡಿ.

ದಾರಿಯಿಲ್ಲದ ದಾರಿ

ಲಾಯೆಲ್ ಶಿಖರದಿಂದ ರಿಟರ್‌ಗೆ ನೇರ ಗೆರೆ ಎಳೆದರೆ ಹತ್ತು ಕಿಲೋಮೀಟರೂ ಇಲ್ಲ. ಆದರೆ ಬೆಟ್ಟದಲ್ಲಿ ನೇರ ಗೆರೆಗೆ ಬೆಲೆಯಿಲ್ಲ. ನೆತ್ತಿಯ ಸಾಲಿನ ಮೇಲೆಯೇ ದಕ್ಷಿಣಕ್ಕೆ ಹೋದರೆ ಲೆಕ್ಕವಿಲ್ಲದಷ್ಟು ಕೋಡುಗಲ್ಲುಗಳು ಅಡ್ಡ. ಅದಕ್ಕೇ ಮ್ಯೂರ್ ಕಣಿವೆಯ ಗೋಡೆ ಹತ್ತಿ, ಶ್ರೇಣಿಯನ್ನು ದಾಟಿ ಪೂರ್ವದ ಮಗ್ಗುಲಿಗೆ ಹೋಗಿ, ಅಲ್ಲಿಂದ ದಕ್ಷಿಣಕ್ಕೆ ತಿರುಗಿ ರಿಟರ್‌ನ ಉತ್ತರದ ಕವಲುಗಳನ್ನು ಸೇರುವ ಸುತ್ತುದಾರಿ ಆರಿಸಿಕೊಂಡ. ಕಾಲುದಾರಿ ಎಂಬುದಿಲ್ಲ. ಹಳೆಯ ಹಿಮನದಿಗಳು ಉಜ್ಜಿ ಬಿಟ್ಟುಹೋದ ಒಣಪಾತಳಿಗಳೇ ದಾರಿ, ಝರಿಗಳೇ ಗುರುತು.

ಮೊದಲ ದಿನ ಬರಿಯ ಸಂತೋಷದ ನಡಿಗೆ. ಬೆಳಗಿನ ಹುಲ್ಲಿನ ಮೇಲೆ ಇಬ್ಬನಿಯೇ ಹೆಪ್ಪುಗಟ್ಟಿ ಹರಳಾಗಿತ್ತು. ಝರಿಯ ನೀರಿನೊಳಗೇ ಮುಳುಗಿ ಹುಳ ಹಿಡಿದು ಮೇಲೆದ್ದು ಹಾಡುವ ಡಿಪ್ಪರ್ ಎಂಬ ಪುಟ್ಟ ಹಕ್ಕಿ ಅಲ್ಲಲ್ಲಿ ಜೊತೆಯಾಯಿತು. ಏರಿದಂತೆಲ್ಲ ಮರಗಳು ಕುಗ್ಗಿ, ಕೊನೆಗೆ ನೆಲಕ್ಕಂಟಿದ ಪೊದೆಗಳಾದವು. ಈ ಎತ್ತರದ ಬಿಳಿತೊಗಟೆಯ ಪೈನ್ ನೋಡಲು ಗಿಡದಂತಿದ್ದರೂ ಹಣ್ಣು ಮುದುಕ. ಆರೇ ಅಂಗುಲ ದಪ್ಪದ ಕಾಂಡವೊಂದರ ಬಳೆಗಳನ್ನು ಎಣಿಸಿ ಅದಕ್ಕೆ 426 ವರ್ಷ ವಯಸ್ಸೆಂದು ಮ್ಯೂರ್ ಬರೆದಿದ್ದಾನೆ. ವರ್ಷದಲ್ಲಿ ಕೆಲವೇ ವಾರ ಬೆಳೆಯಲು ಬಿಡುವಿದ್ದರೆ ಮರವಾದರೂ ಏನು ಮಾಡೀತು!

ಸಂಜೆ ಹಿಮದ ನೆತ್ತಿಗಳು ಕೆಂಪಾದವು. ಇಳಿಸೂರ್ಯನ ಬೆಳಕು ವಾತಾವರಣದಲ್ಲಿ ಬಹಳ ದೂರ ಹಾದು ಬರಬೇಕು. ದಾರಿಯಲ್ಲಿ ನೀಲಿಯ ಅಂಶ ಚದುರಿ ಕಳೆದುಹೋಗಿ ಕೆಂಪು ಮಾತ್ರ ಉಳಿಯುತ್ತದೆ. ಕಣಿವೆ ಕತ್ತಲಾದ ಮೇಲೂ ಎತ್ತರದ ಹಿಮ ಈ ಬೆಳಕನ್ನು ಹಿಡಿದು ತೋರಿಸುತ್ತದೆ. ಕೆಂಪು ಆರಿದ ಕೂಡಲೆ ಚಳಿ ಇಳಿಯಿತು. ಮ್ಯೂರ್ ಕುಳ್ಳ ಪೈನುಗಳ ಪೊದೆಯೊಂದರೊಳಗೆ ಹಕ್ಕಿಗೂಡಿನಂಥ ಜಾಗ ಮಾಡಿಕೊಂಡ. ಹೊದಿಕೆಯಿಲ್ಲದ್ದರಿಂದ ರಾತ್ರಿಯಿಡೀ ಮತ್ತೆ ಮತ್ತೆ ಎದ್ದು ಬೆಂಕಿಗೆ ತೆವಳಬೇಕಾಯಿತು. ಎತ್ತರದ ತೆಳುವಾದ ಒಣ ಗಾಳಿಯಲ್ಲಿ ನೆಲದ ಕಾವು ಬೇಗ ಆಕಾಶಕ್ಕೆ ಹಾರಿಹೋಗುತ್ತದೆ. ಹಿಮದ ಮೇಲಿನ ತಣ್ಣನೆಯ ಗಾಳಿ ಭಾರವಾಗಿ, ನೀರಿನಂತೆಯೇ ಇಳಿಜಾರಿನಲ್ಲಿ ಹರಿದು ಕೆಳಗಿನ ತಗ್ಗಿಗೆ ಬರುತ್ತದೆ. ಅಂಥ ಗಾಳಿಯ ಹರಿವಿನಲ್ಲೇ ಆತ ಮಲಗಿದ್ದ.

ಗೋಡೆಯ ನಡುವೆ

ಎರಡನೆಯ ಬೆಳಗ್ಗೆ ಗಟ್ಟಿಯಾದ ಒಂದು ಬ್ರೆಡ್ಡಿನ ತುಣುಕನ್ನು ಸೊಂಟದ ಪಟ್ಟಿಗೆ ಕಟ್ಟಿಕೊಂಡ, ತುದಿಯಲ್ಲೇ ರಾತ್ರಿ ಕಳೆಯಬೇಕಾದರೆ ಇರಲಿ ಎಂದು. ಉಳಿದದ್ದನ್ನು ತೋಳ, ಇಲಿಗಳಿಗೆ ಸಿಗದಂತೆ ಬಚ್ಚಿಟ್ಟ. ದಿಣ್ಣೆಯೊಂದನ್ನು ಏರಿದಾಗ ರಿಟರ್ ಎದುರಿಗೇ ನಿಂತಿತ್ತು. ಕಪ್ಪು ಬಂಡೆಯ ಮುಖ. ಅದರ ಬುಡದಿಂದ ಕಡುನೀಲಿ ಸರೋವರಕ್ಕೆ ಬಾಗಿ ಇಳಿದ ಹಿಮನದಿ.

ಈ ಬದಿಯಿಂದ ಹತ್ತುವುದು ಅಪಾಯವೆಂದು ಆತನಿಗೆ ತಿಳಿದಿತ್ತು. ಕಾಲವೂ ತಡವಾಗಿತ್ತು, ಹಿಮಪಾತದ ಭಯವಿತ್ತು. ಸುತ್ತಣ ನೋಟವನ್ನಷ್ಟೇ ಕಂಡು ಹಿಂದಿರುಗೋಣ ಎಂದು ಬುದ್ಧಿ ಹೇಳುತ್ತಿತ್ತು. ಆದರೂ ಹಿಮನದಿಯನ್ನು ದಾಟಿದ. ಬಂಡೆಯ ಬುಡದಲ್ಲಿ ಹಿಮಕುಸಿತಗಳು ಕೊರೆದ ಇಕ್ಕಟ್ಟಾದ ಓಣಿಯೊಂದು ಸಿಕ್ಕಿತು, ಅದರೊಳಗೆ ಏರತೊಡಗಿದ. ಏರುತ್ತ ಏರುತ್ತ ಒಂದು ವಿಷಯ ಸ್ಪಷ್ಟವಾಯಿತು: ಈಗ ಹತ್ತಿಬಂದ ಜಾಗಗಳನ್ನು ಇಳಿಯುವುದು ಇನ್ನು ಸಾಧ್ಯವಿಲ್ಲ. ಬೆಟ್ಟ ಹತ್ತುವವರಿಗೆ ಇದಕ್ಕಿಂತ ಕೆಟ್ಟ ಸುದ್ದಿ ಬೇರೆಯಿಲ್ಲ. ಹತ್ತುವಾಗ ಹಿಡಿ ಕಣ್ಣಿನ ಮುಂದಿರುತ್ತದೆ. ಇಳಿಯುವಾಗ ಅದು ಕಾಲಿನ ಕೆಳಗೆ, ಕಾಣದ ಕಡೆ ಇರುತ್ತದೆ.

ಅರ್ಧ ದಾರಿಯ ಸುಮಾರಿಗೆ, ಒಂದು ನೆಟ್ಟನೆಯ ಬಂಡೆಯ ಮೇಲೆ ಎರಡೂ ಕೈ ಚಾಚಿ ಅಂಟಿಕೊಂಡಿದ್ದಾಗ, ಮುಂದಿನ ಹಿಡಿ ಸಿಗಲಿಲ್ಲ. ಕೈ ಎತ್ತುವಂತಿಲ್ಲ, ಕಾಲು ಕದಲಿಸುವಂತಿಲ್ಲ. ಕೆಳಗೆ ಹಿಮನದಿ. ಮೈ ನಡುಗಿತು, ತಲೆಯೊಳಗೆ ಹೊಗೆ ತುಂಬಿದಂತಾಯಿತು. ಬಿದ್ದೇ ಬೀಳುತ್ತೇನೆ ಎಂದುಕೊಂಡ. ಇದು ನಡೆದದ್ದು ಒಂದು ಕ್ಷಣ ಮಾತ್ರ. ಆಮೇಲೆ ತನ್ನೊಳಗಿನ ಇನ್ನೊಬ್ಬನಾರೋ ಎದ್ದು ಕೆಲಸವನ್ನು ವಹಿಸಿಕೊಂಡಂತಾಯಿತು. ನಡುಕ ನಿಂತಿತು. ಬಂಡೆಯ ಒಂದೊಂದು ಬಿರುಕೂ ಸೂಕ್ಷ್ಮದರ್ಶಕದಲ್ಲಿ ನೋಡಿದಷ್ಟು ಸ್ಪಷ್ಟವಾಯಿತು. ಕೈಕಾಲುಗಳು ಎಲ್ಲಿ ಇಡಬೇಕೋ ಅಲ್ಲಿಯೇ ಇಡುತ್ತ ಹೋದವು. ಮೇಲಿನ ಬಂಡೆ ಇನ್ನೂ ಹರುಕುಮುರುಕಾಗಿತ್ತು, ಆದರೂ ಎಡವಲಿಲ್ಲ. ತುದಿಯ ಬಿಸಿಲಿಗೆ ಬಂದು ನಿಂತ.

ನಾಲ್ಕು ದಿಕ್ಕಿನ ನೋಟ

ರಿಟರ್‌ನ ತುದಿಯಿಂದ ಕಾಣುವುದು ಬರಿಯ ಚೆಲುವಲ್ಲ, ಒಂದು ಭೂಗೋಳದ ಪಾಠ. ವಾಯವ್ಯಕ್ಕೆ ಲಾಯೆಲ್, ಮಕ್ಲೂರ್ ಶಿಖರಗಳು. ಮರ್ಸೆಡ್, ಟುವಾಲಮಿ, ಸಾನ್ ವಾಕೀನ್ ನದಿಗಳು ಹುಟ್ಟುವುದು ಈ ನೆತ್ತಿಗಳ ನೆರೆಯಲ್ಲೇ. ಮುಂದೆ ಬಯಲಿನಲ್ಲಿ ಮೊದಲೆರಡೂ ಮೂರನೆಯದನ್ನು ಸೇರುತ್ತವೆ. ಈಶಾನ್ಯದ ಕಡೆ ಮೋನೋ ಸರೋವರದ ಹೊಳಪು. ಅದಕ್ಕೆ ನೀರು ಬರುವ ದಾರಿ ಉಂಟು, ಹೋಗುವ ದಾರಿಯಿಲ್ಲ. ಆವಿಯಾಗಿ ಹೋಗುವ ನೀರು ಉಪ್ಪನ್ನು ಬಿಟ್ಟುಹೋಗುವುದರಿಂದ ಸರೋವರ ಸಮುದ್ರಕ್ಕಿಂತ ಉಪ್ಪು. ಪೂರ್ವಕ್ಕೆ ಒಣಗಿದ ಕಂದು ನಾಡು. ಪಶ್ಚಿಮಕ್ಕೆ ಕಡುಹಸಿರು ಕಾಡು. ಪೆಸಿಫಿಕ್ ಸಾಗರದಿಂದ ಬಂದ ತೇವದ ಗಾಳಿ ಈ ಗೋಡೆಯನ್ನು ಏರುವಾಗ ತಣಿದು ಪಶ್ಚಿಮದಲ್ಲೇ ಮಳೆ, ಹಿಮ ಸುರಿಸಿಬಿಡುತ್ತದೆ. ದಕ್ಷಿಣಕ್ಕೆ ಮಿನರೆಟ್ಸ್ ಎಂಬ ಚೂಪು ಕೋಡುಗಳು. ಸುತ್ತಲಿನ ಬೆಟ್ಟಗಳು ಬಹುಪಾಲು ನಸುಬಿಳಿ ಗ್ರಾನೈಟ್. ರಿಟರ್ ಮತ್ತು ಮಿನರೆಟ್ಸ್ ಮಾತ್ರ ಕಪ್ಪು, ಏಕೆಂದರೆ ಅವು ಗ್ರಾನೈಟಿಗಿಂತ ಹಿಂದಿನ ಜ್ವಾಲಾಮುಖಿಯ ಶಿಲೆ, ಕಾವು ಮತ್ತು ಒತ್ತಡದಲ್ಲಿ ಬೆಂದು ಮಾರ್ಪಟ್ಟದ್ದು.

ಹೊತ್ತು ಪಡುವಣಕ್ಕೆ ಜಾರುತ್ತಿತ್ತು. ಹತ್ತಿದ ದಾರಿಯಲ್ಲಿ ಇಳಿಯುವಂತಿಲ್ಲ. ಮ್ಯೂರ್ ಬೇರೆ ಮಗ್ಗುಲನ್ನು ಹುಡುಕಿ ಪೂರ್ವದ ಹಿಮನದಿಗೆ ಇಳಿದ. ಅದರ ತಲೆಭಾಗದ ಇಳಿಜಾರು ಸಾಧಾರಣವಾಗಿತ್ತು, ಹಗಲಿನ ಬಿಸಿಲು ಮೇಲ್ಪದರವನ್ನು ಮೆದುವಾಗಿಸಿದ್ದರಿಂದ ಕಾಲು ಕಚ್ಚುತ್ತಿತ್ತು. ಬಿರುಕುಗಳ ಮೇಲೆ ಕಣ್ಣಿಟ್ಟು ಓಡುತ್ತ ಜಾರುತ್ತ ಇಳಿದ.

ಆದರೂ ಗೂಡು ಸೇರುವ ಮೊದಲೇ ಕತ್ತಲಾಯಿತು. ದೀಪವಿಲ್ಲ. ಆಕಾಶದ ಎದುರು ಕಪ್ಪಾಗಿ ಕಾಣುವ ಶಿಖರಗಳ ಆಕಾರ ಮತ್ತು ಕಣಿವೆಗಳ ವಾಲು ನೋಡಿಕೊಂಡು ನಡೆದ. ಬಹು ಹೊತ್ತಿನ ಮೇಲೆ, ನಿನ್ನೆ ರಾತ್ರಿ ಕೇಳಿದ್ದ ಜಲಪಾತದ ಸದ್ದು ಕಿವಿಗೆ ಬಿತ್ತು. ಸ್ವಲ್ಪದರಲ್ಲಿ ನಕ್ಷತ್ರಗಳು ಕಾಲ ಬುಡದಲ್ಲಿ ಕಂಡವು. ಅದು ಸರೋವರ. ಅದರಿಂದ ದಿಕ್ಕು ಹಿಡಿದು ಪೈನ್ ಪೊದೆಯನ್ನು ಮುಟ್ಟಿದ. ಮೂರನೆಯ ದಿನ ಬೇರೊಂದು ಕಣಿವೆದಾರಿಯಿಂದ ಚಿತ್ರಕಾರರ ಬಿಡಾರಕ್ಕೆ ಮರಳಿದಾಗ ಅವರಿಗೆ ಹೋದ ಜೀವ ಬಂದಂತಾಯಿತು. ಮೂರೇ ದಿನಕ್ಕೆ ಇಷ್ಟೊಂದು ಕಳವಳವೇ ಎಂದು ಆತನಿಗೆ ಅಚ್ಚರಿ!

ಕಾಪಾಡಿದ್ದು ಯಾವುದು?

ಈ ಪ್ರಸಂಗವನ್ನು ಮ್ಯೂರ್ 1894ರಲ್ಲಿ ಪ್ರಕಟವಾದ ‘ದಿ ಮೌಂಟನ್ಸ್ ಆಫ್ ಕ್ಯಾಲಿಫೋರ್ನಿಯ’ ಪುಸ್ತಕದಲ್ಲಿ ಬರೆದಿದ್ದಾನೆ. ಬಂಡೆಯ ಮೇಲೆ ತನ್ನನ್ನು ಕಾಪಾಡಿದ ಆ ಇನ್ನೊಬ್ಬ ಯಾರು ಎಂದು ಆತನೇ ಕೇಳಿಕೊಂಡಿದ್ದಾನೆ. ಹಳೆಯ ಅನುಭವವೋ, ಸಹಜ ಪ್ರವೃತ್ತಿಯೋ, ಕಾಯುವ ದೇವತೆಯೋ ಎಂದು ಹೆಸರಿಡಲಾರದೆ ಬಿಟ್ಟಿದ್ದಾನೆ.

ಓದುಗರು ಇದಕ್ಕೆ ತಮ್ಮದೇ ಉತ್ತರ ಕೊಟ್ಟುಕೊಳ್ಳಬಹುದು. ಆದರೆ ಒಂದನ್ನು ಮರೆಯುವಂತಿಲ್ಲ. ಆ ಕಣ್ಣು ನಾಲ್ಕು ವರ್ಷ ಅದೇ ಬಂಡೆಗಳ ಗೀರು, ಬಿರುಕುಗಳನ್ನು ನೋಡಿ ಪಳಗಿತ್ತು. ಆ ಕಾಲು ನೂರಾರು ಇಳಿಜಾರುಗಳನ್ನು ಬಲ್ಲುದಾಗಿತ್ತು. ಚೆನ್ನಾಗಿ ಓದಿದ ಹುಡುಗನಿಗೆ ಪರೀಕ್ಷೆಯ ಗಾಬರಿಯ ನಡುವೆಯೂ ಉತ್ತರ ತಾನಾಗಿ ಹೊಳೆಯುವಂತೆ, ಕಲಿತದ್ದೆಲ್ಲ ಆ ಹೊತ್ತಿಗೆ ಒದಗಿತು. ಜೊತೆಗೆ ಅದೃಷ್ಟವೂ ಒದಗಿತು ಎಂಬುದನ್ನು ಮುಚ್ಚಿಡಬಾರದು. ಹಿಡಿದ ಕಲ್ಲು ಕಿತ್ತುಬಂದಿದ್ದರೆ ಯಾವ ಕಲಿಕೆಯೂ ಉಪಯೋಗಕ್ಕೆ ಬರುತ್ತಿರಲಿಲ್ಲ. ಇಳಿಯಲಾಗದ ಕಡೆ ಹತ್ತಬಾರದು ಎಂಬ ಬೆಟ್ಟದ ಮೊದಲ ನಿಯಮವನ್ನು ಆ ದಿನ ಮ್ಯೂರ್ ಮುರಿದಿದ್ದ. ಬದುಕಿ ಬಂದದ್ದರಿಂದ ಅದು ಸಾಹಸವಾಯಿತು.

ಬೆಟ್ಟಕ್ಕೆ ಹೋಗುವ ಹಂಬಲದ ಮಕ್ಕಳೂ, ಬೇಡವೆನ್ನುವ ತಂದೆತಾಯಂದಿರೂ ಈ ಕಥೆಯಿಂದ ಬೇರೆ ಬೇರೆ ಭಾಗಗಳನ್ನು ಹೆಕ್ಕಿಕೊಳ್ಳುವುದು ಸಹಜ. ಎಲ್ಲರೂ ಒಪ್ಪಬಹುದಾದ ಭಾಗವೂ ಇದರಲ್ಲಿದೆ. ದಾರಿಯನ್ನು ಮೊದಲೇ ಯೋಚಿಸಿದ್ದು, ಹೋಗುವ ಕಡೆಯನ್ನು ಜೊತೆಯವರಿಗೆ ತಿಳಿಸಿದ್ದು, ತಿನಿಸನ್ನು ಉಳಿಸಿಕೊಂಡದ್ದು, ಹಗಲಿನಲ್ಲೇ ಗುರುತುಗಳನ್ನು ಕಣ್ಣಿಗೂ ಕಿವಿಗೂ ತುಂಬಿಕೊಂಡದ್ದು. ಕತ್ತಲಲ್ಲಿ ಕೈಹಿಡಿದದ್ದು ಇವೇ.

ಗೂಟಗಳು ಮತ್ತೆ ಹೇಳಿದ್ದು

ಮ್ಯೂರ್‌ನ ಬರಹಗಳ ಒತ್ತಾಸೆಯಿಂದ 1890ರಲ್ಲಿ ಯೊಸೆಮಿಟಿ ರಾಷ್ಟ್ರೀಯ ಉದ್ಯಾನವಾಯಿತು. 1892ರಲ್ಲಿ ಸಿಯೆರಾ ಕ್ಲಬ್ ಹುಟ್ಟಿತು. ಆತನೇ ಮೊದಲ ಅಧ್ಯಕ್ಷ. ರಿಟರ್ ಶಿಖರ ಈಗ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್‌ನ ಹೆಸರಿನ ರಕ್ಷಿತ ವನಪ್ರದೇಶದೊಳಗಿದೆ. ಮ್ಯೂರ್‌ನ ಹೆಸರಿನದೇ ಸುಮಾರು 340 ಕಿಲೋಮೀಟರ್ ಉದ್ದದ ಕಾಲುದಾರಿ ಅದರ ಸಮೀಪದಲ್ಲಿ ಹಾದುಹೋಗುತ್ತದೆ. ರಾತ್ರಿ ತಂಗಬೇಕಾದರೆ ಪರವಾನಗಿ ಬೇಕು. ಎತ್ತರದ ಹುಲ್ಲುಗಾವಲಿನಲ್ಲಿ ದಾರಿ ಬಿಟ್ಟು ನಡೆದ ಹೆಜ್ಜೆಗುರುತು ಬಹಳ ಕಾಲ ಮಾಯುವುದಿಲ್ಲ. ಕೆಲವೇ ವಾರ ಬೆಳೆಯುವ ಗಿಡ ತುಳಿತದಿಂದ ಚೇತರಿಸಿಕೊಳ್ಳಲು ವರ್ಷಗಳು ಬೇಕು. 1872ರಲ್ಲಿ ಒಬ್ಬ ನಡೆದಾಗ ಏನೂ ಆಗದಿದ್ದದ್ದು, ಸಾವಿರಾರು ಜನ ನಡೆದಾಗ ಗಾಯವಾಗುತ್ತದೆ.

ಇನ್ನೊಂದು ಸಂಗತಿ ಇದಕ್ಕಿಂತ ದೊಡ್ಡದು. ಮ್ಯೂರ್ ಗೂಟ ನೆಟ್ಟು ಸುಮಾರು 140 ವರ್ಷಗಳಾದ ಮೇಲೆ ಯೊಸೆಮಿಟಿಯ ವಿಜ್ಞಾನಿಗಳು ಅದೇ ಹಿಮನದಿಗಳಿಗೆ ಮತ್ತೆ ಗೂಟ ನೆಟ್ಟು ಅಳೆದರು. 2013ರಲ್ಲಿ ಫಲಿತಾಂಶ ಹೊರಬಂತು. ಮಕ್ಲೂರ್ ಹಿಮನದಿ ಬಹಳ ಕರಗಿ ಕಿರಿದಾಗಿದ್ದರೂ ಇನ್ನೂ ದಿನಕ್ಕೆ ಒಂದು ಅಂಗುಲದಷ್ಟು, ಮ್ಯೂರ್ ಕಂಡ ವೇಗದಲ್ಲೇ, ಸರಿಯುತ್ತಿತ್ತು. ಪಕ್ಕದ ಲಾಯೆಲ್ ಹಿಮನದಿ ಮಾತ್ರ ಚಲಿಸುವುದನ್ನು ನಿಲ್ಲಿಸಿತ್ತು. ತನ್ನ ಭಾರದಿಂದ ತಾನೇ ಸರಿಯುವಷ್ಟು ದಪ್ಪ ಅದರಲ್ಲಿ ಉಳಿದಿರಲಿಲ್ಲ. ಸರಿಯದ ಮೇಲೆ ಅದು ಹಿಮನದಿಯಲ್ಲ, ಬರಿಯ ಮಂಜುಗಡ್ಡೆ.

ಒಂದು ಹಿಮನದಿ ಯಾವಾಗ ಸತ್ತಿತು ಎಂದು ಹೇಳಬೇಕಾದರೆ, ಅದು ಬದುಕಿದ್ದಾಗ ಹೇಗಿತ್ತು ಎಂದು ಯಾರಾದರೂ ಬರೆದಿಟ್ಟಿರಬೇಕು. ರಿಟರ್‌ನ ಬಂಡೆಯ ಮೇಲಿನ ಆ ಕ್ಷಣ ರೋಮಾಂಚನ ಹುಟ್ಟಿಸುತ್ತದೆ, ನಿಜ. ಆದರೆ ಆ ಶರತ್ಕಾಲದ ಏಕಾಂತದಿಂದ ಲೋಕಕ್ಕೆ ಉಳಿದ ಆಸ್ತಿ ಬೇರೆ. ಅದು ಒಂದು ಕಲ್ಲು, ಒಂದು ಕುದುರೆಯ ಕೂದಲು, ಮತ್ತು ನೆನಪಿಟ್ಟುಕೊಂಡು ಮತ್ತೆ ಬಂದು ನೋಡಿದ ಅಕ್ಟೋಬರಿನ ಆ ಒಂದು ದಿನ.